ಬ್ಯಾನಕ್‌ಬರ್ನ್‌ನಲ್ಲಿ ‘ಬರ್ತೀನಿ’ ಅಂದದ್ದು

ಮೊನ್ನೆ ಚಳಿ ಶುರುವಾಯಿತೆಂದು ಗರಾಜಿನ ಮೇಲಿನ ಹಲಗೆಯಿಂದ ದಪ್ಪ ಬಟ್ಟೆಗಳ ಪೆಟ್ಟಿಗೆ ಇಳಿಸಿದೆ. ಕಂದು ಜಾಕೆಟ್ಟನ್ನು ಕೊಡವಿದಾಗ ಜೇಬಿನಿಂದ ಒಣಗಿದ ಕಡ್ಡಿಯೊಂದು ಕೆಳಗೆ ಬಿತ್ತು. ಬೆರಳಲ್ಲಿ ಉಜ್ಜಿ ಮೂಗಿಗೆ ಹಿಡಿದೆ. ಕಾಡು ಥೈಮ್. ನಮ್ಮ ಅಜವಾನದ ವಾಸನೆಗೆ ಒಂದಿಷ್ಟು ಬಿಸಿಲು, ಒಂದಿಷ್ಟು ಧೂಳು ಬೆರೆಸಿದರೆ ಹೇಗೋ ಹಾಗೆ. ಇಂಥ ಹಳೆಯ ವಾಸನೆಗಳಿಂದ ಜನರ ಮನಸ್ಸು ಮೆತ್ತಗಾಗುತ್ತದಂತೆ. ನನಗೆ ಸಿಟ್ಟು ಬಂತು. ಹೋದ ವರ್ಷದ ಸಿಟ್ಟೇ, ಇಸ್ತ್ರಿ ಮಾಡಿ ಮಡಿಸಿಟ್ಟ ಹಾಗೆ ಜೇಬಿನೊಳಗೆ ಕೂತಿತ್ತು.

ಹೋದ ವರ್ಷ ಏಪ್ರಿಲ್ ತಿಂಗಳು. ಇಲ್ಲಿ ಅದು ಎಲೆ ಹಳದಿಯಾಗುವ ಕಾಲ. ನಾವಿರುವ ಆಕ್ಲೆಂಡಿನಿಂದ ದಕ್ಷಿಣ ದ್ವೀಪದ ಸೆಂಟ್ರಲ್ ಒಟಾಗೊಗೆ ಹೋಗಿ ಅಲ್ಲಿನ ಸಣ್ಣ ಸಣ್ಣ ವೈನರಿಗಳನ್ನು ಕಾರಿನಲ್ಲಿ ಸುತ್ತಿ ಬರಬೇಕೆಂಬುದು ನಮ್ಮ ಮನೆಯವರ ಯೋಜನೆ. ಇವರಿಗೆ ಆಫೀಸಿನ ಸಹವಾಸದಿಂದ ವೈನಿನ ಹುಚ್ಚು ಹತ್ತಿ ಕೆಲವು ವರ್ಷಗಳಾಗಿದ್ದವು. ಗ್ಲಾಸನ್ನು ತಿರುಗಿಸುವುದು, ಬೆಳಕಿಗೆ ಹಿಡಿಯುವುದು, ಕಣ್ಣು ಮುಚ್ಚಿ ಮೂಸುವುದು ಎಲ್ಲವನ್ನೂ ಕಲಿತಿದ್ದರು. ಮನೆಯಲ್ಲಿ ಒಗ್ಗರಣೆ ಸೀದರೂ ಗೊತ್ತಾಗದ ಮೂಗಿಗೆ ಈಗ ಚೆರ್ರಿ, ಹೊಗೆ, ಒದ್ದೆ ಕಲ್ಲು ಎಲ್ಲದರ ವಾಸನೆ ಬರುತ್ತಿತ್ತು. ಜೊತೆಗೆ ಹ್ಯಾಮಿಲ್ಟನ್ನಿನಿಂದ ಇವರ ಗೆಳೆಯ ಪ್ರಕಾಶ್, ಆತನ ಹೆಂಡತಿ ಸ್ಮಿತಾ. ಅವರಿಬ್ಬರೂ ಮೈಸೂರಿನ ಕಡೆಯವರು. ನಾವು ವಿಜಯಪುರದ ಕಡೆಯವರು.

ನಾನು ಕುಡಿಯುವವಳಲ್ಲ. ಅದರ ಹಿಂದೆ ದೊಡ್ಡ ತತ್ವವೇನೂ ಇಲ್ಲ. ಆ ಹುಳಿ ವಾಸನೆ ಸೇರುವುದಿಲ್ಲ, ಅಷ್ಟೆ. ಹಾಗಾಗಿ ನಾನು ಬರುವುದು ಎಲ್ಲರಿಗೂ ಅನುಕೂಲವಾಗಿತ್ತು. ಈ ದೇಶದಲ್ಲಿ ನನ್ನಂಥವರಿಗೆ ಒಂದು ಹೆಸರೇ ಇದೆ, ಸೋಬರ್ ಡ್ರೈವರ್, ಕುಡಿದವರನ್ನು ಕುಡಿಯದೆ ಮನೆ ಮುಟ್ಟಿಸುವವರು. ಕ್ವೀನ್ಸ್‌ಟೌನ್ ವಿಮಾನ ನಿಲ್ದಾಣದಲ್ಲಿ ಬಾಡಿಗೆ ಕಾರಿನ ಕೀಲಿಯನ್ನು ಇವರು ನನ್ನ ಕೈಗೆ ಕೊಟ್ಟರು. ಆಮೇಲೆ ವಾಪಸ್ಸು ಕೇಳಲಿಲ್ಲ.

ಕವಾರಾವ್ ಕಣಿವೆಯ ತಿರುವುಗಳನ್ನು ದಾಟಿ ಕ್ರಾಮ್‌ವೆಲ್ ಕಡೆ ಇಳಿಯುತ್ತಿದ್ದಂತೆ ಹಸಿರು ಮುಗಿದೇ ಹೋಯಿತು. ಹುಲ್ಲು ಒಣಗಿದ ಬೋಳು ಗುಡ್ಡಗಳು, ಪದರ ಪದರವಾದ ಕಲ್ಲುಬಂಡೆಗಳು, ಬಂಡೆಗಳ ಸಂದಿಯಲ್ಲಿ ಥೈಮ್ ಪೊದೆಗಳು. ಇಲ್ಲಿಯವರು ಇದನ್ನು ಮರುಭೂಮಿ ಎನ್ನುತ್ತಾರೆ. ನನಗೆ ನಗು ಬಂತು. ಇದು ಮರುಭೂಮಿಯಾದರೆ ನಾನು ಹುಟ್ಟಿ ಬೆಳೆದದ್ದೆಲ್ಲ ಮರುಭೂಮಿಯಲ್ಲೇ. ಆ ಬೋಳು ಗುಡ್ಡದ ಬುಡದಲ್ಲಿ ಗೆರೆ ಎಳೆದಂತೆ ದ್ರಾಕ್ಷಿ ಸಾಲುಗಳು, ಸಾಲಿಗೊಂದು ಕಪ್ಪು ಡ್ರಿಪ್ ಪೈಪು. ಆ ಪೈಪು ಕಂಡದ್ದೇ ನನ್ನ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಯಿತು. ನಮ್ಮಪ್ಪನ ತೋಟದಲ್ಲಿ ಅದೇ ಪೈಪಿನ ತೂತುಗಳಲ್ಲಿ ಉಪ್ಪು ಕಟ್ಟಿಕೊಂಡರೆ ಸೂಜಿ ಹಿಡಿದು ಬಿಡಿಸುವುದು ನನ್ನ ಕೆಲಸವಾಗಿತ್ತು.

“ಏನಾತು? ಮೊಲ ಅಡ್ಡ ಬಂತೇನು?” ಎಂದರು ಇವರು.

ಏನಿಲ್ಲ ಎಂದೆ. ದ್ರಾಕ್ಷಿ ಬಳ್ಳಿ ಎಂದರೆ ನನಗೆ ಏನು ಎಂಬುದು ಇವರಿಗೆ ಗೊತ್ತಿಲ್ಲದ್ದೇನಲ್ಲ. ಧಾರವಾಡದ ಕೃಷಿ ಕಾಲೇಜಿನಲ್ಲಿ ನಾನು ತೋಟಗಾರಿಕೆ ಓದಿದ್ದನ್ನು ನೋಡಿಯೇ ಇವರ ಮನೆಯವರು ಒಪ್ಪಿದ್ದು. ಆಕ್ಲೆಂಡಿಗೆ ಬಂದ ಮೇಲೆ ಮಗಳು ಅನು ಹುಟ್ಟಿದಳು, ಮನೆ ಆಯಿತು. ಈಗ ನಾನು ಸೂಪರ್‌ಮಾರ್ಕೆಟ್ಟಿನ ಹಣ್ಣು ತರಕಾರಿ ವಿಭಾಗದಲ್ಲಿ, ಬೇರೆಯವರು ಬೆಳೆದು ಚೀಲ ಕಟ್ಟಿದ ದ್ರಾಕ್ಷಿಯನ್ನು ಬೆಳಿಗ್ಗೆ ಜೋಡಿಸಿಟ್ಟು, ಮೆತ್ತಗಾದದ್ದನ್ನು ಸಂಜೆ ಆರಿಸಿ ಹಾಕುತ್ತೇನೆ. ದ್ರಾಕ್ಷಿಯ ಜೊತೆ ನನ್ನ ಸಂಬಂಧ ಉಳಿದದ್ದು ಅಷ್ಟು.

ಮೊದಲ ಎರಡು ದಿನ ಎಲ್ಲ ಕಡೆ ಅದೇ ನಾಟಕ. ತಗಡಿನ ಶೆಡ್ಡು, ಬಾಗಿಲಲ್ಲಿ ಮಲಗಿದ ನಾಯಿ, ಒಳಗೆ ಮರದ ಕಟ್ಟೆ. ಕಟ್ಟೆಯ ಹಿಂದೆ ನಿಂತವರು ಸಾಲಾಗಿ ಗ್ಲಾಸು ಇಟ್ಟು ಗುಟುಕು ಗುಟುಕು ಸುರಿಯುವರು. ರುಚಿ ನೋಡಿ ಉಗುಳಲೆಂದು ಪಕ್ಕದಲ್ಲಿ ಒಂದು ಪಾತ್ರೆ ಇಟ್ಟಿರುತ್ತಾರೆ. ಕುಡಿಯುವ ಮೂವರಲ್ಲಿ ಒಬ್ಬರೂ ಅದನ್ನು ಮುಟ್ಟಲಿಲ್ಲ. ಕೊಟ್ಟವರ ಎದುರಿಗೇ ಉಗುಳುವುದೆಂದರೆ ಏನು ಎಂದು ಸ್ಮಿತಾಳ ಸಂಕೋಚ. ಹನಿ ಚೆಲ್ಲದಂತೆ ಎಲ್ಲ ನುಂಗಿದಳು. ಮೂರನೆಯ ಶೆಡ್ಡಿನ ಹೊತ್ತಿಗೆ ಮೂವರ ದನಿಯೂ ಏರಿರುತ್ತಿತ್ತು. ಆಗ ನನ್ನ ಪರಿಚಯ ಶುರು. “ದಿಸ್ ಈಸ್ ಅವರ್ ಡ್ರೈವರ್” ಎನ್ನುವರು ಇವರು. ಎಲ್ಲರೂ ನಗುವರು. ಆಮೇಲೆ, ನಮ್ಮ ಮಾವ ದ್ರಾಕ್ಷಿ ಒಣಗಿಸುತ್ತಾರೆ, ನಾವು ದ್ರಾಕ್ಷಿ ಕುಡಿಯುತ್ತೇವೆ, ಮಗಳು ನಮ್ಮನ್ನು ಮನೆ ಮುಟ್ಟಿಸುತ್ತಾಳೆ. ಇದೂ ಇಂಗ್ಲಿಷಿನಲ್ಲಿ, ಪ್ರತಿ ಕಟ್ಟೆಯ ಮುಂದೆ. ನನಗೊಂದು ಲೋಟ ನೀರು ಬರುತ್ತಿತ್ತು. ನಾನು ಕಾರಿಗೆ ಹೋಗಿ, ಆಕ್ಲೆಂಡಿನಿಂದ ಕಟ್ಟಿ ತಂದಿದ್ದ ಕಡಕ್ ರೊಟ್ಟಿಯನ್ನು ಶೇಂಗಾ ಚಟ್ನಿಯಲ್ಲಿ ಅದ್ದಿ ತಿನ್ನುತ್ತಿದ್ದೆ. ರೊಟ್ಟಿ ಕಟರ್ ಎಂದು ಮುರಿಯುವಾಗ ಮನಸ್ಸಿಗೆ ಸ್ವಲ್ಪ ಸಮಾಧಾನವಾಗುತ್ತಿತ್ತು.

ಮೂರನೆಯ ದಿನ ಹೋದದ್ದು ಟ್ರಿಶ್ ಎಂಬವಳ ತೋಟಕ್ಕೆ. ಅದು ಬ್ಯಾನಕ್‌ಬರ್ನ್‌ನಲ್ಲಿ, ಹಿಂದೆ ಚಿನ್ನಕ್ಕಾಗಿ ನೀರು ಹಾಯಿಸಿ ಕೊರೆದ ಮಣ್ಣಿನ ಗೋಡೆಗಳ ಪಕ್ಕದಲ್ಲಿ. ಬೋರ್ಡಿನ ಮೇಲೆ ಹೆಸರು ಅರ್ಧ ಅಳಿಸಿತ್ತು. ಕಟ್ಟೆಯ ಹಿಂದೆ ಅವಳ ಅಳಿಯ ಇದ್ದ. ಮೂವರೂ ಅಲ್ಲಿಗೆ ಹೋದರು. ನಾನು ಕೀಲಿ ಕೈಯಲ್ಲಿ ಹಿಡಿದು ಹೊರಗೇ ನಿಂತೆ. ಕೊಯ್ಲು ಆಗಷ್ಟೇ ಮುಗಿದಿತ್ತು. ಹಕ್ಕಿಗಳು ತಿನ್ನದಂತೆ ಸಾಲುಗಳಿಗೆ ಹೊದಿಸಿದ್ದ ಬಲೆಯನ್ನು ಅರವತ್ತು ದಾಟಿದ ಹೆಂಗಸೊಬ್ಬಳು ಒಂದು ಕಾಲು ಎಳೆಯುತ್ತಾ ಒಬ್ಬಳೇ ಸುತ್ತುತ್ತಿದ್ದಳು. ಆಕೆ ಟ್ರಿಶ್. ನನಗೆ ಕೈ ಕಟ್ಟಿ ನಿಲ್ಲಲು ಬರುವುದಿಲ್ಲ. ಹೋಗಿ ಇನ್ನೊಂದು ತುದಿ ಹಿಡಿದೆ. ಬೇಡ ಎನ್ನಲಿಲ್ಲ, ಥ್ಯಾಂಕ್ಸ್ ಎನ್ನಲೂ ಇಲ್ಲ. ಬಿಗಿ ಹಿಡಿ ಎಂದಳು. ಆ ಮೂರು ದಿನಗಳಲ್ಲಿ ಯಾರೋ ನನಗೆ ನೆಟ್ಟಗೆ ಹೇಳಿದ ಮೊದಲ ಮಾತು ಅದು.

ಸೀರೆ ಮಡಿಸಿದಂತೆ ಇಬ್ಬರೂ ಬಲೆ ಮಡಿಸುತ್ತಾ ಮಾತಾಡಿದೆವು. ನಮ್ಮ ಕಡೆ ಬಳ್ಳಿಯನ್ನು ವರ್ಷಕ್ಕೆ ಎರಡು ಸಲ ಕತ್ತರಿಸುತ್ತೇವೆ ಎಂದೆ, ಬೇಸಿಗೆಯಲ್ಲಿ ಒಮ್ಮೆ, ಮಳೆ ಮುಗಿಯುವಾಗ ಒಮ್ಮೆ. ಅವಳು ಬಲೆಯನ್ನು ಕೆಳಗಿಟ್ಟಳು.

“ಹಾಗಾದರೆ ಅವು ಮಲಗುವುದು ಯಾವಾಗ?” ಎಂದಳು.

ನಮ್ಮ ಬಳ್ಳಿಗಳು ಮಲಗುವುದಿಲ್ಲ ಎಂದೆ. ಅಲ್ಲಿ ಮಲಗುವಷ್ಟು ಚಳಿ ಇರುವುದಿಲ್ಲ. ಒಂದು ಫಸಲು ಮುಗಿದರೆ ಕತ್ತರಿಸಿ ಎಬ್ಬಿಸುತ್ತೇವೆ, ಮತ್ತೆ ಚಿಗುರುತ್ತವೆ.

“ಪಾಪದವು,” ಎಂದಳು ಟ್ರಿಶ್. ಆಮೇಲೆ ತನ್ನ ಬಳ್ಳಿಗಳು ಜೂನ್‌ನಲ್ಲಿ ಸತ್ತಂತೆ ಮಲಗುತ್ತವೆ, ಆಗ ಬಾ, ಕತ್ತರಿಸೋಣ ಎಂದಳು. ಸೊಂಟದ ಶಸ್ತ್ರಚಿಕಿತ್ಸೆ ಆಗಿದೆ, ಮೊದಲಿನಂತೆ ಸಾಲು ಮುಗಿಸಲು ಆಗುವುದಿಲ್ಲ, ಪ್ರತಿ ವರ್ಷ ಬರುತ್ತಿದ್ದವನು ಆಸ್ಟ್ರೇಲಿಯಾಕ್ಕೆ ಹೋದ, ಹಿಂದೆ ಒಂದು ಸಣ್ಣ ಮನೆ ಖಾಲಿ ಇದೆ, ಹೀಟರ್ ಇದೆ. ನಾನು ನಕ್ಕು ಬಲೆಯ ತುದಿ ಎತ್ತಿಕೊಂಡೆ. ಅಷ್ಟರಲ್ಲಿ ಶೆಡ್ಡಿನ ಬಾಗಿಲಿಂದ ಇವರ ದನಿ ಬಂತು. “ಡ್ರೈವರ್ ಮೇಡಂ, ಹೊರಡೋಣೇನ್ರಿ?”

ಕಾರಿನಲ್ಲಿ ಎಲ್ಲರೂ ಕೂತರು. ಟ್ರಿಶ್ ನನ್ನ ಕಿಟಕಿಯ ಹತ್ತಿರ ಬಂದು ನಿಂತಳು. ನಾನು ಎಂಜಿನ್ ಚಾಲು ಮಾಡಿ, ತಲೆ ಹೊರಗೆ ಹಾಕಿ ಹೇಳಿದೆ. “ಓಕೆ ಟ್ರಿಶ್, ಐ ವಿಲ್ ಕಮ್.”

ಹೊರಡುವಾಗ ‘ಹೋಗ್ತೀನಿ’ ಎನ್ನುವುದು ನಮ್ಮಲ್ಲಿ ಇಲ್ಲ. ಹೋಗ್ತೀನಿ ಎಂದು ಹೋಗುವವರು ತಿರುಗಿ ಬಾರದವರು. ಅಂಗಡಿಗೆ ಹೊರಟರೂ ‘ಬರ್ತೀನಿ’, ದೇಶ ಬಿಟ್ಟು ಹೊರಟರೂ ‘ಬರ್ತೀನಿ’. ನನ್ನ ಬಾಯಿಗೆ ಆ ಮಾತು ಇಂಗ್ಲಿಷಿನಲ್ಲೂ ಹಾಗೇ ಬರುತ್ತದೆ. ಸೂಪರ್‌ಮಾರ್ಕೆಟ್ಟಿನವರಿಗೆ ಅದು ರೂಢಿಯಾಗಿದೆ. ಟ್ರಿಶ್‌ಗೆ ರೂಢಿ ಇರಲಿಲ್ಲ. ಅವಳ ಮುಖ ಅರಳಿತು. ಕಾರಿನ ತಲೆಯನ್ನು ಅಂಗೈಯಿಂದ ದಪ್ಪನೆ ಬಡಿದು, “ಗುಡ್ ಆನ್ ಯು” ಎಂದಳು, ಭೇಷ್ ಎನ್ನುವ ಹಾಗೆ.

ಗೇಟು ದಾಟುವ ಮೊದಲೇ ಇವರು ನಗತೊಡಗಿದರು. “ಅಕೀ ಖರೇನ ಅಂತ ತಿಳ್ಕೊಂಡ್ಳು ನೋಡೋ ಪ್ರಕಾಶ. ಬರ್ತೀನಿ ಅಂದದ್ದಕ್ಕ ಹೆಂಗ್ ಬಡದ್ಳು ಕಾರಿಗೆ.”

“ಅಯ್ಯೋ, ಹಿಂದೆ ಹೋಗಿ ಹೇಳಿಬಿಡಿ ಗಿರಿಜಾ,” ಎಂದಳು ಸ್ಮಿತಾ.

ನಾನು ಹಿಂದೆ ಹೋಗಲಿಲ್ಲ. ರಸ್ತೆ ಕಿರಿದು, ತಿರುಗಿಸಲು ಜಾಗವಿಲ್ಲ ಎಂದೆ. ಜಾಗ ಬೇಕಾದಷ್ಟಿತ್ತು.

ಆಕ್ಲೆಂಡಿನ ಫ್ಲ್ಯಾಟ್ ಬುಷ್‌ನ ನಮ್ಮ ಮನೆಗೆ ಮರಳಿದ ಮೇಲೆ ದಿನಗಳು ಎಂದಿನಂತೆ ನಡೆದವು. ಬೆಳಿಗ್ಗೆ ಟ್ರಾಫಿಕ್ಕು, ಸಂಜೆ ಟ್ರಾಫಿಕ್ಕು, ನಡುವೆ ದ್ರಾಕ್ಷಿ ಚೀಲ. ಆದರೆ ಪಾತ್ರೆ ತೊಳೆಯುವಾಗ ನಾನು ಫೋನನ್ನು ಕಿಟಕಿಗೆ ಒರಗಿಸಿಟ್ಟು ಚಳಿದೇಶದ ಬಳ್ಳಿ ಕತ್ತರಿಸುವ ವಿಡಿಯೋ ನೋಡತೊಡಗಿದ್ದೆ. ಯಾವ ಕಡ್ಡಿ ಉಳಿಸುತ್ತಾರೆ, ಅದರಲ್ಲಿ ಚಿಗುರುವ ಕಣ್ಣು ಎಷ್ಟು ಉಳಿಸುತ್ತಾರೆ. ಬರ್ತೀನಿ ಎಂದದ್ದು ರೂಢಿಯಿಂದಲೋ ಮನಸ್ಸಿನಿಂದಲೋ ಎಂದು ಯಾರಾದರೂ ಕೇಳಿದ್ದರೆ ನನಗೇ ಗೊತ್ತಿರಲಿಲ್ಲ. ಯಾರೂ ಕೇಳಲಿಲ್ಲ.

ಜೂನ್ ತಿಂಗಳ ಒಂದು ಶನಿವಾರ ಮಧ್ಯಾಹ್ನ ನಮ್ಮಲ್ಲಿ ಊಟ. ಹ್ಯಾಮಿಲ್ಟನ್ನಿನಿಂದ ಪ್ರಕಾಶ್ ಮತ್ತು ಸ್ಮಿತಾ, ನಮ್ಮ ಬೀದಿಯ ಎರಡು ಮನೆಯವರು. ಮಳೆ ಹೊಡೆಯುತ್ತಿತ್ತು. ನಾನು ಮಿರ್ಚಿ ಭಜಿ ಕರಿಯುತ್ತಿದ್ದೆ. ನಮ್ಮ ಅಡುಗೆ ಕಟ್ಟೆಗೂ ಕೂರುವ ಕೋಣೆಗೂ ನಡುವೆ ಗೋಡೆ ಇಲ್ಲ. ಇವರು ಎದ್ದು ನಿಂತು ಕಥೆ ಹೇಳುತ್ತಿದ್ದರು, ಬ್ಯಾನಕ್‌ಬರ್ನ್‌ನ ಕಥೆ. ಟ್ರಿಶ್‌ಳ ಹಾಗೆ ಕಾಲು ಎಳೆದು ನಡೆದು ತೋರಿಸಿದರು. ಸೋಫಾದ ಬೆನ್ನನ್ನು ದಪ್ಪನೆ ಬಡಿದು ತೋರಿಸಿದರು. ಎಲ್ಲರೂ ನಕ್ಕರು.

“ಕಥಿ ಮುಗೀಲಿಲ್ಲ ತಡೀರಿ,” ಎಂದು ಫೋನ್ ತೆಗೆದರು. ಅಲ್ಲಿ ವೈನ್ ತರಿಸುವಾಗ ಕೊಟ್ಟಿದ್ದು ಇವರ ನಂಬರು. ನಮ್ಮ ಮನೆಯಲ್ಲಿ ಎಲ್ಲೆಡೆ ಕೊಡುವುದು ಇವರ ನಂಬರೇ. ಟ್ರಿಶ್ ಗುರುವಾರ ಮೆಸೇಜ್ ಕಳಿಸಿದ್ದಳಂತೆ. ಓದಿದರು. ಸಣ್ಣ ಮನೆಯ ಕಿಟಕಿ ತೆಗೆದು ಗಾಳಿ ಆಡಿಸಿದ್ದೇನೆ. ಬಳ್ಳಿಗಳು ಮಲಗಿವೆ. ಗಿರಿಜಾ ಯಾವ ದಿನ ಬರುತ್ತಾಳೆ?

ಮತ್ತೆ ನಗು. ಪಾಪ, ಕೋಣೆ ಬ್ಯಾರೆ ಸಜ್ಜು ಮಾಡ್ಯಾಳ ಎಂದರು ಯಾರೋ. ನಾನು ಭಜಿ ಎತ್ತುವ ಜಾಲರಿ ಸೌಟು ಹಿಡಿದು ನಿಂತಿದ್ದೆ. ಎಣ್ಣೆ ಸದ್ದು ಮಾಡುತ್ತಿತ್ತು. ಗುರುವಾರದಿಂದ ಶನಿವಾರದವರೆಗೆ ಆ ಮಾತು ಇದೇ ಮನೆಯಲ್ಲಿ, ಇವರ ಪ್ಯಾಂಟಿನ ಜೇಬಿನಲ್ಲಿ ಓಡಾಡಿತ್ತು.

“ನಾ ಆಗಲೇ ಬರದ್ ಹಾಕೀನಿ ಬಿಡ್ರಿ,” ಎಂದರು ಇವರು, ಎಲ್ಲರನ್ನೂ ಸಮಾಧಾನ ಮಾಡುವವರಂತೆ. ತಮ್ಮ ಉತ್ತರವನ್ನೂ ಓದಿದರು. ಗೊಂದಲಕ್ಕೆ ಕ್ಷಮಿಸಿ. ನನ್ನ ಹೆಂಡತಿಯ ಇಂಗ್ಲಿಷ್ ಅಷ್ಟಕ್ಕಷ್ಟೆ. ನಮ್ಮ ಭಾಷೆಯಲ್ಲಿ ಹೊರಡುವಾಗ ಎಲ್ಲರೂ ಬರುತ್ತೇನೆ ಎನ್ನುತ್ತಾರೆ. ಅದು ಬರೀ ಮಾತಿನ ರೂಢಿ, ಅದಕ್ಕೆ ಅರ್ಥವಿಲ್ಲ.

ನಾನು ಗ್ಯಾಸ್ ಆರಿಸಿದೆ. ಬಾಣಲೆಯಲ್ಲಿದ್ದ ಭಜಿಗಳನ್ನು ಹಾಗೇ ಬಿಟ್ಟೆ. ನಗುವಿಗೆ ನನಗೆ ಸಿಟ್ಟು ಬರುವುದಿಲ್ಲ. ಮದುವೆಯಾದಾಗಿನಿಂದ ಇವರ ನಗೆಚಾಟಿಕೆಯ ಜೊತೆಗೇ ಬದುಕಿದ್ದೇನೆ. ಸಿಟ್ಟು ಬಂದದ್ದು ಬೇರೆಯದಕ್ಕೆ. ನಾನು ಆಡಿದ ಮಾತಿಗೆ ಅರ್ಥವಿಲ್ಲವೆಂದು ಇವರು ನನ್ನನ್ನು ಕೇಳದೆಯೇ ಸಾರಿದ್ದರು. ನಾನು ಬರ್ತೀನಿ ಎಂದದ್ದನ್ನು ಜಗತ್ತಿನಲ್ಲಿ ಒಬ್ಬಳು ನಂಬಿದ್ದಳು. ಆ ಒಬ್ಬಳಿಗೂ ನಂಬಬೇಡ ಎಂದು ಬರೆದಿದ್ದರು. ಅದೂ ನನ್ನ ಇಂಗ್ಲಿಷಿನ ಹೆಸರು ಹೇಳಿ. ಕಾಲೇಜಿನಲ್ಲಿ ಬೇರು ಕೊಳೆ ರೋಗದ ಮೇಲೆ ನಾನು ಪ್ರಬಂಧ ಬರೆದದ್ದು ಯಾವ ಭಾಷೆಯಲ್ಲಿ?

ಕೈ ಒರೆಸಿಕೊಂಡು ಹೋಗಿ ಇವರ ಮುಂದೆ ಅಂಗೈ ಚಾಚಿದೆ. ಏನು ಎಂದರು. ಫೋನು ಎಂದೆ. ಕೊಟ್ಟರು. ಟ್ರಿಶ್‌ಳ ನಂಬರನ್ನು ನನ್ನ ಫೋನಿಗೆ ಹಾಕಿಕೊಂಡು ಗರಾಜಿಗೆ ಹೋದೆ, ಬಾಗಿಲು ಹಾಕಿದೆ. ವಾಷಿಂಗ್ ಮಷೀನು ತಿರುಗುತ್ತಿತ್ತು. ಅದನ್ನೂ ನಿಲ್ಲಿಸಿದೆ.

ಟ್ರಿಶ್ ಎತ್ತಿಕೊಂಡಳು. ಗಿರಿಜಾ ಎಂದೆ. ನಿನ್ನ ಗಂಡ ಹೇಳಿದ, ನೋ ವರೀಸ್ ಎಂದಳು. ಹೇಗಿದ್ದೀಯ ಎಂದೆ. ನೋ ವರೀಸ್ ಎಂದಳು. ಈ ದೇಶದಲ್ಲಿ ಇಷ್ಟು ವರ್ಷ ಇದ್ದು ನಾನು ಒಂದನ್ನು ಕಲಿತಿದ್ದೇನೆ. ನೋ ವರೀಸ್ ಎಂಬುದನ್ನು ಎಳೆದು ಹೇಳಿದರೆ ಚಿಂತೆಯಿಲ್ಲ. ಹೀಗೆ ಕತ್ತರಿಸಿ ಹೇಳಿದರೆ ಎದೆಯ ತುಂಬ ಚಿಂತೆಯೇ. ನನ್ನನ್ನು ನಂಬಿಕೊಂಡು, ಕೆಲಸ ಕೇಳಿ ಬಂದಿದ್ದ ಒಬ್ಬ ಹುಡುಗಿಗೆ, ಜನ ಸಿಕ್ಕಿದ್ದಾರೆ ಎಂದು ಹೇಳಿ ಕಳಿಸಿಬಿಟ್ಟಿದ್ದಳಂತೆ.

“ಹಾಗಾದರೆ ಯಾವುದು ಖರೆ?” ಎಂದು ಕೊನೆಗೆ ಕೇಳಿದಳು. “ಅವನು ಬರೆದದ್ದೋ, ನೀನು ಹೇಳಿದ್ದೋ?”

ನಾನು ಹೇಳಿದ್ದು ಎಂದೆ. ಹೇಳಿದ ಮೇಲೆ ನನಗೂ ಗೊತ್ತಾಯಿತು.

ಬಂದವರು ಹೋದ ಮೇಲೆ ಮಾತು ಬೆಳೆಯಿತು. ಇವರು ಮೊದಲು ನಕ್ಕರು, ಆಮೇಲೆ ನಗುವುದನ್ನು ನಿಲ್ಲಿಸಿದರು. ಆ ಥಂಡಿಯಲ್ಲಿ ಹೇಗಿರುತ್ತೀ ಎಂದರು. ಕೆಲಸದ ರಜೆ ಎಂದರು. ಊರಿಗೆ ಹೋಗಲೆಂದು ಕೂಡಿಟ್ಟ ರಜೆ ಇದೆ ಎಂದೆ. ಅನುಗೆ ಯೂನಿವರ್ಸಿಟಿ ಪರೀಕ್ಷೆ ಇದೆ ಎಂದರು. ಮೆಟ್ಟಿಲ ಮೇಲಿಂದ ಅನು, “ಡ್ಯಾಡ್, ಐ ಕ್ಯಾನ್ ಬಾಯ್ಲ್ ರೈಸ್” ಎಂದಳು. ಅವಳಿಗೆ ಕನ್ನಡದ ಜಗಳವೆಲ್ಲ ತಿಳಿಯುತ್ತದೆ. ಉತ್ತರ ಮಾತ್ರ ಇಂಗ್ಲಿಷಿನಲ್ಲಿ.

“ನಾ ಏನ್ ತಪ್ಪ್ ಮಾಡ್ದೆ ಹೇಳು. ನಿನ್ನ ಮರ್ಯಾದಿ ಉಳೀಲಿ ಅಂತ ಬರದೆ,” ಎಂದರು ಇವರು. “ಹೋಗೂದು ಅಂತ ಇದ್ರ ನನ್ನ ಒಂದ್ ಮಾತ್ ಕೇಳಬೇಕೋ ಬ್ಯಾಡೋ?”

“ನೀವು ಬರಿಯೂಕ್ಕಿಂತ ಮೊದಲ ನನ್ನ ಕೇಳಿದ್ರೇನು?” ಎಂದೆ.



ಹೊರಡುವ ಬೆಳಿಗ್ಗೆ ಪಲ್ಯ ಮಾಡಿ, ಚಪಾತಿ ಮಾಡಿ, ಚಟ್ನಿಪುಡಿಯ ಡಬ್ಬಿ ಕಣ್ಣಿಗೆ ಕಾಣುವ ಕಡೆ ಇಟ್ಟೆ. ಸಿಟ್ಟಿದ್ದರೂ ಅದನ್ನು ಬಿಡಲು ಆಗಲಿಲ್ಲ. ಅದಕ್ಕೂ ನನ್ನ ಮೇಲೆ ನನಗೆ ಸಿಟ್ಟಿತ್ತು. ಏರ್‌ಪೋರ್ಟಿಗೆ ಬಿಡಲು ಅನು ಕಾರಿನಲ್ಲಿ ಕೂತಿದ್ದಳು. ಇವರು ಬಾಗಿಲಲ್ಲಿ ಪೈಜಾಮಾದಲ್ಲೇ ನಿಂತಿದ್ದರು. ನಾನು ಚೀಲ ಎತ್ತಿಕೊಂಡು ಹೊಸ್ತಿಲು ದಾಟಿ ತಿರುಗಿದೆ.

“ಹೋಗ್ತೀನಿ,” ಎಂದೆ.

ಇವರ ಮುಖದ ಬಣ್ಣವೇ ಇಳಿಯಿತು. ಎಂಥ ನಗೆಗಾರನಾದರೂ ನಮ್ಮ ಕಡೆಯವನೇ ತಾನೆ. ಹೊಸ್ತಿಲಲ್ಲಿ ಆ ಮಾತನ್ನು ಕೇಳಿದವರೇ ಅಲ್ಲ.

“ಹಂಗ ಅನಬ್ಯಾಡ. ಬರ್ತೀನಿ ಅನ್ನು,” ಎಂದರು ಸಣ್ಣ ದನಿಯಲ್ಲಿ.

“ಅದು ಬರೀ ಮಾತಿನ ರೂಢಿ, ಅದಕ್ಕ ಅರ್ಥ ಇಲ್ಲ ಅಂತ ನೀವ ಬರದಿದ್ರಲ್ಲ,” ಎಂದು ಕಾರು ಹತ್ತಿದೆ.

ಬ್ಯಾನಕ್‌ಬರ್ನ್‌ನ ಚಳಿಗಾಲವೆಂದರೆ ಬೆಳಿಗ್ಗೆ ತಂತಿಯ ಮೇಲೆ, ಬೇಲಿಯ ಮೇಲೆ, ನಾಯಿಯ ನೀರಿನ ಬಟ್ಟಲಲ್ಲಿ ಎಲ್ಲೆಡೆ ಮಂಜುಗಡ್ಡೆ. ಎರಡು ಜೊತೆ ಕೈಗವಸು ಹಾಕಿದರೂ ಬೆರಳು ಮರಗಟ್ಟುತ್ತಿತ್ತು. ಮೊದಲ ವಾರ ಟ್ರಿಶ್‌ಳಿಂದ ಬೈಸಿಕೊಂಡದ್ದೇ ಕೆಲಸ. ನಾನು ಊರಿನ ರೂಢಿಯಲ್ಲಿ ಗಿಡ್ಡಗೆ ಕತ್ತರಿಸುತ್ತಿದ್ದೆ. ಇಲ್ಲಿ ಉದ್ದ ಕಡ್ಡಿ ಉಳಿಸಿ ತಂತಿಗೆ ಬಗ್ಗಿಸಿ ಕಟ್ಟಬೇಕು. ಇದನ್ನು ಎಬ್ಬಿಸಬೇಡ, ಮಲಗಿದ್ದಲ್ಲೇ ಕತ್ತರಿಸು ಎನ್ನುವಳು. ಕಲಿತೆ. ಸಿಟ್ಟು ಕತ್ತರಿಗೆ ಒಳ್ಳೆಯದು, ಕೈ ಬೇಗ ಓಡುತ್ತದೆ. ಹಳೆಯ ಕಡ್ಡಿ ಕಟಕ್ ಎಂದು ಬಿದ್ದಾಗ ‘ದಿಸ್ ಈಸ್ ಅವರ್ ಡ್ರೈವರ್’ ಎಂಬ ಮಾತೂ ಜೊತೆಗೆ ಬೀಳುತ್ತಿತ್ತು. ಮಧ್ಯಾಹ್ನ ಬಿಸಿಲಿಗೆ ಬಂಡೆಗೆ ಒರಗಿ ಕೂತಾಗ ಬಟ್ಟೆಗೆಲ್ಲ ಥೈಮ್ ಹತ್ತುತ್ತಿತ್ತು. ಇವರು ದಿನಾ ಸಂಜೆ ಫೋನ್ ಮಾಡುತ್ತಿದ್ದರು. ಸಾಸಿವೆ ಎಲ್ಲಿದೆ, ಕುಕ್ಕರಿನ ಗ್ಯಾಸ್ಕೆಟ್ ಎಲ್ಲಿದೆ. ಫೋನ್ ಇಡುವ ಮೊದಲು ಪ್ರತಿ ಸಲ ಒಂದಿಷ್ಟು ಸುಮ್ಮನಿರುತ್ತಿದ್ದರು. ಯಾವ ಮಾತಿಗೆ ಕಾಯುತ್ತಿದ್ದಾರೆಂದು ನನಗೆ ಗೊತ್ತಿತ್ತು. ಆಯ್ತು, ಇಡ್ತೀನಿ ಎನ್ನುತ್ತಿದ್ದೆ.

ಕತ್ತರಿಸುವುದು ಮುಗಿದ ಮೇಲೆ ಫ್ಲ್ಯಾಟ್ ಬುಷ್‌ಗೆ ಬಂದೆ. ಇವರೇ ಬಾಗಿಲು ತೆಗೆದು ಚೀಲ ಒಳಗೆ ಒಯ್ದರು. ಸ್ನೇಹಿತರ ನಡುವೆ ಆ ಕಥೆಯನ್ನು ಇವರು ಮತ್ತೆ ಹೇಳಿದ್ದನ್ನು ನಾನು ಕೇಳಿಲ್ಲ. ಪ್ರಕಾಶ್ ಒಮ್ಮೆ ಎತ್ತಿದಾಗ, ಭಜಿ ಆರಿ ಹೋಗ್ತಾವು, ತಿನ್ನು ಎಂದು ಮುಚ್ಚಿಸಿದರು. ಕ್ಷಮೆಯನ್ನೂ ಕೇಳಿಲ್ಲ. ಮೆಸೇಜ್ ಕಳಿಸಲು ಬರುವ ಕೈಗೆ ಅದೊಂದು ಬರುವುದಿಲ್ಲ.

ಮೊನ್ನೆ ಪೆಟ್ಟಿಗೆ ಇಳಿಸಿದ ದಿನವೇ ಟ್ರಿಶ್‌ಳ ಮೆಸೇಜ್ ಬಂತು, ನನ್ನ ನಂಬರಿಗೇ. ಕಿಟಕಿ ತೆಗೆದಿದ್ದೇನೆ, ಅಷ್ಟೇ. ಜಾಕೆಟ್ಟನ್ನು ಬಿಸಿಲಿಗೆ ಹಾಕಿ, ಕಡ್ಡಿಯನ್ನು ಮತ್ತೆ ಅದೇ ಜೇಬಿನಲ್ಲಿಟ್ಟೆ. ಇವರು ಟೀ ಲೋಟ ಹಿಡಿದು ಗರಾಜಿನ ಬಾಗಿಲಿಗೆ ಬಂದು ನಿಂತರು. ಪೆಟ್ಟಿಗೆಯ ಪಕ್ಕ ತೆಗೆದಿಟ್ಟಿದ್ದ ಚೀಲ ನೋಡಿದರು, ಜಾಕೆಟ್ಟು ನೋಡಿದರು.

“ಈ ಸಲ ಹೊಂಡೂವಾಗ ಏನಂತಿ?” ಎಂದರು.

ನಾನು ಜಾಕೆಟ್ಟನ್ನು ಬಿಸಿಲಿಗೆ ಇನ್ನೊಂದು ಮಗ್ಗುಲು ತಿರುಗಿಸಿದೆ. ಹೊರಡಲು ಇನ್ನೂ ದಿನಗಳಿವೆ. ಕಾಯಲಿ.